ಒಂದು ವಿನೋದದ ಮಾತು



ಈ ಸ್ಮರಣ ಸಂಚಿಕೆಗೆ ಮುಖ್ಯಾಧ್ಯಾಪಿಕೆಯು ಶಾಲೆಯ ಏಳಿಗೆಯನ್ನು ಕುರಿತು ಬರೆಯಬೇಕೆಂದು ಸಂಪಾದಕ ಮಂಡಳಿಯವರ ಅಪೇಕ್ಷೆಯಾಗಿತ್ತು. ಪರೀಕ್ಷೆಯ ಫಲಗಳೂ ಕಟ್ಟಡದ ಲೆಕ್ಕವೂ ವರದಿಯಲ್ಲಿ ಬಂದೇ ಇವೆ. ಆದಕಾರಣ ನಾನು ನಾಚಿಕೊಂಡ ಒಂದು ಸಂಗತಿಯನ್ನು ಅರಿಕೆಮಾಡುತ್ತೇನೆ.

ನನ್ನ ನಾಲಿಗೆ ತುಸು ಹರಿತವೆಂಬದು ನನ್ನ ಕೈಕೆಳಗೆ ಕಲಿತವರಿಗೆಲ್ಲ ಗೊತ್ತು. ನಗಿಸಿ ಕಲಿಸಿದರೆ ವ್ಯಾಕರಣವೂ ತಲೆಗೆ ಹತ್ತುವದೆಂದು ನಂಬಿದವಳು ನಾನು. ತರಗತಿಯಲ್ಲಿ ಈ ನಂಬಿಕೆ ಬಹುಮಟ್ಟಿಗೆ ಸುಳ್ಳಾಗಲಿಲ್ಲ.

ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ಸಭೆಯ ಸ್ತ್ರೀಯರ ಕೂಟವು ದೇವಾಲಯದ ಪಕ್ಕದ ಕೋಣೆಯಲ್ಲಿ ಸೇರಿತ್ತು. ಅಂದಿನ ಭಾಗವು ಲೂಕನ ಸುವಾರ್ತೆಯ 10ನೆಯ ಅಧ್ಯಾಯದ ಕೊನೆಯ 5 ವಚನಗಳು. ಮಾರ್ಥಳು ಅಡಿಗೆಯ ಗಡಿಬಿಡಿಯಲ್ಲಿರಲು ಮರಿಯಳು ಸ್ವಾಮಿಯ ಪಾದದ ಬಳಿಯಲ್ಲಿ ಕುಳಿತ ಕಥೆ. ಪದ್ಧತಿಯಂತೆ ಪಾಳಿಯಿಂದ ಒಬ್ಬೊಬ್ಬರು ಒಂದೊಂದು ವಚನವನ್ನು ಓದಿದೆವು. ತರುವಾಯ, ನಾವು ಈ ಇಬ್ಬರಲ್ಲಿ ಯಾರಂಥವರು ಎಂಬ ಪ್ರಶ್ನೆ ಬಂತು. ಪ್ರತಿಯೊಬ್ಬರೂ ಉದ್ದವಾಗಿ ನಿಟ್ಟುಸಿರು ಬಿಟ್ಟು, ನಾನು ಮಾರ್ಥಳೇ ಸರಿ ಎಂದರು. ಏಳೆಂಟು ನಿಟ್ಟುಸಿರುಗಳಾದ ಮೇಲೆ ನನಗೆ ಬೇಸರ ಬಂತು. ಅಷ್ಟರಲ್ಲಿ ಒಳಗಿನ ಅಡಿಗೆಮನೆಯಿಂದ ಕಪ್ಪುಬಶಿಗಳ ಸದ್ದು ಕೇಳಿಸಿತು. ನಮ್ಮಲ್ಲೊಬ್ಬ ಹಿರಿಯ ವಿಧವೆ ಎಷ್ಟೋ ವರುಷಗಳಿಂದ ಪ್ರತಿ ಕೂಟಕ್ಕೂ ಚಹಾ ಮಾಡುವರು. ನಾನು ಗಟ್ಟಿಯಾಗಿ, “ನಾವೆಲ್ಲರೂ ಮರಿಯರಾಗುವದಕ್ಕೆ ಅಡ್ಡಿಯೇನಿಲ್ಲ, ನಮ್ಮ ಮಾರ್ಥಳು ಒಳಗೆ ಕಪ್ಪುಬಶಿಗಳಿಗೆ ಉಪದೇಶ ಮಾಡುತ್ತಿದ್ದಾಳೆ” ಎಂದೆನು.

ಕೋಣೆಯೆಲ್ಲ ನಕ್ಕಿತು. ಸಭಾಪಾಲಕರ ಪತ್ನಿಯವರಂತೂ ಸೆರಗಿನಿಂದ ಕಣ್ಣೊರಸಿಕೊಂಡರು. ಒಳಗಿನ ಸದ್ದು ಮಾತ್ರ ತಟ್ಟನೆ ನಿಂತಿತು.

ಸ್ವಲ್ಪ ಹೊತ್ತಿನ ಮೇಲೆ ಆ ತಾಯಿ ಚಹಾದ ತಟ್ಟೆಯನ್ನು ಹಿಡಿದು ಬಂದರು. ಎಲ್ಲರಿಗೂ ಕೊಟ್ಟರು, ನನಗೂ ಕೊಟ್ಟರು. ಎಂದೂ ತಪ್ಪದೆ ಕೇಳುತ್ತಿದ್ದ “ಸಕ್ಕರಿ ಸಾಕೇನ್ರಿ ಅಕ್ಕೋರ” ಎಂಬ ಮಾತನ್ನು ಅಂದು ಕೇಳಲಿಲ್ಲ. ನನ್ನ ಕಿವಿಗಳು ಬಿಸಿಯಾದವು. ಮಕ್ಕಳಿಗೆ ಬಹುವಚನದ ಮರ್ಯಾದೆಯನ್ನು ಕಲಿಸುವ ನಾನು, ನನಗಿಂತ ಇಪ್ಪತ್ತು ವರುಷ ಹಿರಿಯರನ್ನು ಹತ್ತು ಜನರ ಮುಂದೆ “ದ್ದಾಳೆ” ಎಂದಿದ್ದೆನು!

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯದಲ್ಲಿ ಮರಿಯಳು ಮನೆಯಲ್ಲಿ ಕುಳಿತಿರುವಾಗ ಎದ್ದು ಸ್ವಾಮಿಯನ್ನು ಎದುರುಗೊಂಡವಳು ಮಾರ್ಥಳೇ. ಬೇರೆ ಸುವಾರ್ತೆಗಳಲ್ಲಿ ಪೇತ್ರನ ಬಾಯಲ್ಲಿರುವಂಥ ವಿಶ್ವಾಸದ ಅರಿಕೆ ಅಲ್ಲಿ ಅವಳ ಬಾಯಿಂದ ಹೊರಡುತ್ತದೆ. ಇದನ್ನು ನಾನೇ ಎಷ್ಟೋ ಸಾರಿ ಹುಡುಗಿಯರಿಗೆ ವಿವರಿಸಿದ್ದೆನು.

ಮೂರನೆಯ ದಿನ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆನು. ಅವರು ಮೊದಲು ಕೈಯಾಡಿಸಿಬಿಟ್ಟರು. ಮತ್ತೆ ಮೆಲ್ಲಗೆ ಅಂದರು: “ನೀವು ಅಂದದ್ದಕ್ಕ ನನಗೂ ನಗಿ ಬಂತ್ರೀ ಅಕ್ಕೋರ. ಆದರ ಈಗ ಎಲ್ಲಾರ ಕಣ್ಣೂ ನನ್ನ ಮ್ಯಾಲೆ ಬಿತ್ತು. ನಾಳೆ ಯಾರಾದರೂ ಒಳಗ ಬಂದು, ನೀವೂ ಹೊರಗ ಬಂದು ಕೂಡ್ರಿ ಅಂತಾರ. ಕೂತರ ಓದೂ ಪಾಳಿ ನನಗೂ ಬರತೈತಿ.”

ನನಗೆ ಕೂಡಲೇ ಅರ್ಥವಾಗಲಿಲ್ಲ. ಅರ್ಥವಾದಾಗ ಏನು ಹೇಳಬೇಕೆಂದು ತಿಳಿಯಲಿಲ್ಲ. 1837ರಲ್ಲಿ ಬಾಸೆಲ್ ಮಿಶನ್ನಿನವರು ಧಾರವಾಡದಲ್ಲಿ ಕೆಲಸ ಪ್ರಾರಂಭಿಸಿದರು. ಆ ಕಾಲದಿಂದ ಈ ಸೀಮೆಯಲ್ಲಿ ದೇವಾಲಯವಿದ್ದಲ್ಲಿ ಶಾಲೆಯೂ ಇರುವದೆಂಬದು ನಮ್ಮ ಹೆಮ್ಮೆ. ನಮ್ಮ ಸಭೆಯ ಸ್ತ್ರೀಯರಲ್ಲಿ ಓದಲು ಬಾರದವರಿರುವರೆಂದು ನಾನು ಎಣಿಸಿಯೇ ಇರಲಿಲ್ಲ. ಹನ್ನೆರಡು ವರುಷ ಅವರ ಕೈಯ ಚಹಾ ಕುಡಿದೆನು, ಅವರೇಕೆ ಒಮ್ಮೆಯೂ ನಮ್ಮ ಸಂಗಡ ಕುಳಿತುಕೊಳ್ಳಲಿಲ್ಲವೆಂದು ಕೇಳಲಿಲ್ಲ. ಅವರು ನಮ್ಮ ಶಾಲೆಯಲ್ಲಿಯೇ ಎರಡನೆಯ ಇಯತ್ತೆಯ ವರೆಗೆ ಇದ್ದವರಂತೆ. ಮರುದಿನ ಹಳೆಯ ದಾಖಲೆಯ ಪುಸ್ತಕವನ್ನು ತೆರೆದು ನೋಡಿದೆನು. ಶಾಲೆ ಬಿಟ್ಟ ಕಾರಣವೆಂಬಲ್ಲಿ ಒಂದೇ ಮಾತು ಬರೆದಿತ್ತು: ಮನೆಗೆಲಸ.

ಮುಂದಿನ ಕೂಟದಲ್ಲಿ ನಾನು ಕನ್ನಡಕದ ನೆವ ಹೇಳಿ, ಇನ್ನು ಮೇಲೆ ಒಬ್ಬರೇ ಗಟ್ಟಿಯಾಗಿ ಓದಲಿ, ಉಳಿದವರು ಕೇಳೋಣ ಎಂದೆನು. ಒಪ್ಪಿದರು. (ಈ ಸುಳ್ಳಿಗಾಗಿ ನಾನು ಇನ್ನೂ ಪಶ್ಚಾತ್ತಾಪ ಪಟ್ಟಿಲ್ಲ.) ಎರಡು ವಾರಗಳಾದ ಮೇಲೆ ಆ ತಾಯಿ ಬಾಗಿಲ ಬಳಿಯ ಕುರ್ಚಿಯಲ್ಲಿ ಬಂದು ಕುಳಿತರು. ಈಗ ಶನಿವಾರ ಮಧ್ಯಾಹ್ನ ನಮ್ಮ ಮನೆಗೆ ಬರುತ್ತಾರೆ; ಒತ್ತಕ್ಷರಗಳ ವರೆಗೆ ಬಂದಿದ್ದೇವೆ. ಇದನ್ನು ಬರೆಯಲು ಅವರೇ ಅಪ್ಪಣೆ ಕೊಟ್ಟರು, ಹೆಸರು ಹಾಕಬಾರದೆಂಬದೊಂದೇ ಕರಾರು.

ಚಹಾ ಮಾತ್ರ ಅವರದೇ, ಅದನ್ನು ಬಿಟ್ಟುಕೊಡಲೊಲ್ಲರು. ಕಪ್ಪುಬಶಿಗಳನ್ನು ಒರಸುವ ಕೆಲಸವನ್ನು ನಾನು ಕೇಳಿ ಪಡೆದುಕೊಂಡೆನು. ಮೊದಲನೆಯ ದಿನವೇ ಒಂದು ಬಶಿ ನನ್ನ ಕೈಯಿಂದ ಜಾರಿ ಖಣ್ ಎಂದಿತು. ಅವರು ತಿರುಗಿ ನೋಡದೆಯೇ ಅಂದರು: “ಸಾವಕಾಶ ಒರಸ್ರಿ ಅಕ್ಕೋರ. ಅವಕ್ಕ ಉಪದೇಶ ಭಾಳ ಆಗೇತಿ.”