ಅಮ್ಮನ ಸೋಬಾನೆ, ಅಪ್ಪನ ಕಿವಿ, ನನ್ನ ಆಂಪ್ಲಿಫೈಯರ್

ಅಪ್ಪ ಸಂಗೀತಪ್ರಿಯರೇನಲ್ಲ. ಕೆ.ಆರ್.ಪೇಟೆ ತಾಲೂಕಿನ ನಮ್ಮೂರಲ್ಲಿ ಹಬ್ಬದ ದಿನ ತೆಂಗಿನಮರಕ್ಕೆ ಕಟ್ಟೋ ಮೈಕ್‌ಸೆಟ್ಟೇ ಅವರ ಪಾಲಿನ ಹೈಫೈ. ಆದರೆ ಒಂದು ಕ್ಯಾಸೆಟ್ ಮಾತ್ರ ಬೇಕು. 2004ರಲ್ಲಿ ನಾಗಮಂಗಲದಲ್ಲಿ ನಡೆದ ಚಿಕ್ಕಮ್ಮನ ಮದುವೇಲಿ ಯಾರೋ ಟೇಪ್ ರೆಕಾರ್ಡರ್ ಇಟ್ಟು ಹಿಡಿದ ಸೋಬಾನೆ ಪದಗಳು. ಮೊದಲು ಹೇಳೋದು ಅಮ್ಮ, ಉಳಿದ ಹೆಂಗಸರು ಸೊಲ್ಲು ಕೊಡ್ತಾರೆ. ಅಮ್ಮ ಹೋಗಿ ಮೂರು ವರ್ಷ ಆಯ್ತು.

ಕ್ಯಾಸೆಟ್ಟನ್ನ ಕಂಪ್ಯೂಟರಿಗೆ ಇಳಿಸಿದೆ. ಸೆಕೆಂಡ್ ಹ್ಯಾಂಡ್ ವಾರ್ಫ್‌ಡೇಲ್ ಡೈಮಂಡ್ 9.1 ಜೋಡಿ ತಂದೆ. ಹೈಫೈ ಮಂದಿ 'ಬೆಚ್ಚಗಿನ ದನಿ' ಅಂತ ಹೊಗಳೋ ಜಾತಿ ಅದು, ಮೇಲಿನ ಸ್ವರ ಕಿವಿಗೆ ಚುಚ್ಚೋದಿಲ್ಲ. ಜೊತೆಗೆ ಶ್ರೀರಂಗಪಟ್ಟಣದ ಗೆಳೆಯ ಕೈಯಾರೆ ಕಟ್ಟಿದ ಇಎಲ್84 ವಾಲ್ವ್ ಆಂಪ್ಲಿಫೈಯರ್, ಚಾನೆಲ್ಲಿಗೆ 5 ವ್ಯಾಟು. ಬೆಚ್ಚಗಿದ್ದಿದ್ದಕ್ಕೆ ಇನ್ನೂ ಬೆಚ್ಚಗೆ! ಗೋಡೆಯ ಗೂಡಲ್ಲಿ ಅಂದವಾಗಿ ಕೂರಿಸಿ ಪ್ಲೇ ಒತ್ತಿದೆ.

"ಏನ್ಲಾ, ನಿಮ್ಮವ್ವ ಗುಡಾಣದೊಳಗೆ ಕುಂತು ಹಾಡ್ತಾವ್ಳಾ? ಒಂದು ಪದಾನೂ ತಿಳೀತಿಲ್ಲ" ಅಂದ್ರು ಅಪ್ಪ. ಎದ್ದು ಹಟ್ಟಿ ಕಡೆ ಹೋದ್ರು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಸ್ಪೀಕರ್ ಮೇಲೆ 6 ಓಮ್ ಅಂತ ಬರೆದಿದ್ದರೂ ಅದು ಒಂದೇ ಸಮ ಇರೋದಿಲ್ಲ. ಕೆಳಗಿನ ಸ್ವರಗಳಲ್ಲಿ ಒಂದು ಕಡೆ ಅದರ ಮೂರ್ನಾಲ್ಕು ಪಟ್ಟು ಏರುತ್ತೆ. ಟ್ರಾನ್ಸಿಸ್ಟರ್ ಆಂಪಿಗೆ ಅದರ ಲೆಕ್ಕವಿಲ್ಲ. ಇಂಥ ಪುಟ್ಟ ವಾಲ್ವ್ ಆಂಪಿನ ಒಳಗಿನ ತಡೆಯೇ ಜಾಸ್ತಿ, ಹಾಗಾಗಿ ಸ್ಪೀಕರಿನ ಓಮ್ ಏರಿದ ಕಡೆ ಸದ್ದೂ ಏರುತ್ತೆ. ಅದೇ ಗುಡಾಣ. ಗೂಡೊಳಗೆ ಇಟ್ಟ ನನ್ನ ಬುದ್ಧಿವಂತಿಕೆ ಬೇರೆ, ಬೇಸನ್ನ ಇನ್ನಷ್ಟು ಉಬ್ಬಿಸಿತ್ತು.

ಸಾಲದ್ದಕ್ಕೆ ಕರೆಂಟು. ಪಂಪ್‌ಸೆಟ್ಟುಗಳು ಓಡೋ ಹೊತ್ತಲ್ಲಿ ಮಲ್ಟಿಮೀಟರ್ ಹಿಡಿದ್ರೆ 185 ವೋಲ್ಟ್. ಪವರ್ರು ವೋಲ್ಟೇಜಿನ ವರ್ಗದಂತೆ ಇಳಿಯೋದರಿಂದ 5 ವ್ಯಾಟಲ್ಲಿ ಉಳಿಯೋದು ಸುಮಾರು 3. ಸ್ಪೀಕರೋ 1 ವ್ಯಾಟಿಗೆ 86 ಡೆಸಿಬೆಲ್ ಮಾತ್ರ ಕೊಡೋ ಸೋಮಾರಿ. ಹೆಂಗಸರೆಲ್ಲ ಒಟ್ಟಿಗೆ ಸೊಲ್ಲು ಎತ್ತಿದ ತಕ್ಷಣ ಎಲ್ಲಾ ಕಲಸುಮೇಲೋಗರ.

ಇಷ್ಟೆಲ್ಲ ಲೆಕ್ಕ ಹಾಕಿದವನು ಅಪ್ಪನ ಕಿವಿಯನ್ನೇ ಮರೆತಿದ್ದೆ ನೋಡಿ. ವಯಸ್ಸಾದಂತೆ ಮೊದಲು ಹೋಗೋದು ಮೇಲಿನ ಸ್ವರ. ಸ, ಶ, ತ, ಕ ಇವುಗಳ ಗುರುತು ಇರೋದೇ ಅಲ್ಲಿ. ಅದು ಹೋದ್ರೆ ದನಿ ಕೇಳಿಸುತ್ತೆ, ಮಾತು ತಿಳಿಯೋಲ್ಲ.

ಮಾರನೇ ದಿನ ಪಾಂಡವಪುರದ ಭಾವನ ಮನೆ ಅಟ್ಟದಿಂದ 40 ವ್ಯಾಟಿನ ಹಳೇ ಟ್ರಾನ್ಸಿಸ್ಟರ್ ಆಂಪು ಇಳಿಸಿ ತಂದೆ. ಬೆಚ್ಚಗಿನ ಸ್ಪೀಕರಿಗೆ 'ಚುರುಕು' ಆಂಪೇ ಆಗಬೇಕು ಅನ್ನೋ ವಾದ ಇದೆ. ನನಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. ಒಳ್ಳೆ ಟ್ರಾನ್ಸಿಸ್ಟರ್ ಆಂಪುಗಳ ನಡುವೆ ವ್ಯತ್ಯಾಸ ಕಡಿಮೆ. ಓಮಿಗೆ ತಡೆಯಬೇಕು, ವ್ಯಾಟು ಸಾಕಾಗಬೇಕು, ಅಷ್ಟೇ. ಸ್ಪೀಕರುಗಳನ್ನ ಗೂಡಿಂದ ತೆಗೆದು ಗೋಡೆಯಿಂದ ಒಂದು ಮೊಳ ಮುಂದೆ ಸ್ಟೂಲ್ ಮೇಲಿಟ್ಟೆ. ಬೇಸ್ ಇಳಿಸಿ, ಟ್ರೆಬಲ್ಲನ್ನ ನಾಚಿಕೆ ಬಿಟ್ಟು ಏರಿಸಿದೆ. ಹೈಫೈ ಗೆಳೆಯರು ಕ್ಷಮಿಸಿ :-)

ನನ್ನ ಕಿವಿಗೆ ಸ್ವಲ್ಪ ಕರ್ಕಶವೇ. ಅಪ್ಪ ಬಾಗಿಲಲ್ಲಿ ನಿಂತವರು ಒಳಗೆ ಬಂದು ಕಂಬಕ್ಕೆ ಒರಗಿ ಕೂತ್ರು. ತುಟಿ ಅಲ್ಲಾಡ್ತಿತ್ತು. ಎರಡನೇ ಪದದ ನಡುವೆ ಯಾರೋ ಕೆಮ್ಮಿದ್ರು, ಅಮ್ಮ ಒಂದು ಗಳಿಗೆ ನಿಲ್ಲಿಸಿ ನಕ್ಕು ಮುಂದುವರಿಸಿದಳು.

"ಆ ಕೆಮ್ಮಿದ್ದು ನಾನೇ ಕಣ್ಲಾ" ಅಂದ್ರು ಅಪ್ಪ. "ಅದ್ನ ಇನ್ನೊಂದ್ಸಲ ಹಾಕು."