ಹುಸಿಮೀನಿಗೆ ಬಣ್ಣ

ಮೀನಿಗೆ ಬಣ್ಣ ಕಾಣಿಸುತ್ತದೆಯೋ ಇಲ್ಲವೋ ಎಂಬ ವಾದ ಸಂತೆಕಟ್ಟೆಯಿಂದ ಕಲ್ಯಾಣಪುರದ ಸೇತುವೆಯ ತನಕ ನಡೆದುಹೋಗುವಷ್ಟರಲ್ಲಿ ಮುಗಿಯುವಂಥದಲ್ಲ. ನಮ್ಮ ನೆರೆಯ ಪರ್ಬುಗಳೂ ನಾನೂ ಆ ದಾರಿಯನ್ನು ಎಷ್ಟೋ ಸಂಜೆ ಸವೆಸಿದ್ದೇವೆ. ವಾದ ಹಾಗೆಯೇ ಉಳಿದಿದೆ. ಅವರು ಬೊಂಬಾಯಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಫಿಟ್ಟರಾಗಿ ದುಡಿದು ಊರಿಗೆ ಮರಳಿದವರು. ಗಾಳ ಹಾಕುವುದು ಅವರ ಚಟ. ಗಾಳಕ್ಕೆ ಲೋಹದ ಹುಸಿಮೀನು ತಯಾರಿಸುವುದು ಅದಕ್ಕಿಂತ ದೊಡ್ಡ ಚಟ. ನಾನಾದರೋ ಸಸ್ಯಾಹಾರಿ. ಹಾಗಾಗಿ ನನ್ನ ಆಸಕ್ತಿ ಬಣ್ಣದ ಹತ್ತಿರವೇ ನಿಂತಿತೆಂದು ಬೇರೆ ಹೇಳಬೇಕಾಗಿಲ್ಲ.

ಹುಸಿಮೀನೆಂದರೆ ದೊಡ್ಡ ಯಂತ್ರವೇನಲ್ಲ. ಹಳೆಯ ಚಮಚದ ಹಿಡಿ ಕತ್ತರಿಸಿ, ಎರಡು ತುದಿಗೂ ತೂತು ಕೊರೆದು, ಒಂದಕ್ಕೆ ದಾರ, ಇನ್ನೊಂದಕ್ಕೆ ಗಾಳ ಸಿಕ್ಕಿಸಿದರೆ ಆಯಿತು. ನೀರಿನಲ್ಲಿ ಎಳೆದಾಗ ಅದು ಓಲಾಡುತ್ತ ಮಿನುಗುತ್ತದೆ. ಪೆಟ್ಟು ತಿಂದ ಬೂತಾಯಿಯೊಂದು ಹೋಗುತ್ತಿದೆಯೆಂದು ಬಗೆದು ಕೆಂಬೇರಿ ಬಾಯಿ ಹಾಕುತ್ತದೆ. ಅಮೆರಿಕದ ವರ್ಮಾಂಟಿನಲ್ಲಿ ಜೂಲಿಯೊ ಬ್ಯುಯೆಲ್ ಎಂಬವನು ದೋಣಿಯಲ್ಲಿ ಕುಳಿತು ಉಣ್ಣುವಾಗ ಕೈಜಾರಿದ ಚಮಚವನ್ನು ಮೀನೊಂದು ಹಿಡಿಯಿತೆಂದೂ ಅಲ್ಲಿಂದಲೇ ಈ ವಿದ್ಯೆ ಹುಟ್ಟಿತೆಂದೂ ಒಂದು ಕಥೆ ಉಂಟು. ಕಥೆ ಹೇಗಾದರೂ ಇರಲಿ, 1852ರಲ್ಲಿ ಅವನಿಗೆ ಪೇಟೆಂಟು ದೊರೆತದ್ದು ನಿಜ.

ಇದಕ್ಕೆ ಬಣ್ಣ ಹಚ್ಚುವುದು ಸುಲಭ. ಹಚ್ಚಿದ್ದು ನಿಲ್ಲುವುದು ಕಷ್ಟ. ಸೀತೆಯೂ ಸುವರ್ಣೆಯೂ ಕೂಡಿ ಕಡಲು ಸೇರುವ ಕೋಡಿಬೆಂಗ್ರೆಯ ಕಡೆ ನಾಲ್ಕು ಸಲ ಎಸೆದು ಎಳೆದರೆ, ಉಪ್ಪುನೀರೂ ಕಲ್ಲೂ ಸೇರಿ ಅಂಗಡಿಯ ಎನಾಮಲನ್ನು ಈರುಳ್ಳಿ ಸಿಪ್ಪೆಯಂತೆ ಸುಲಿದುಬಿಡುತ್ತವೆ. ಜನ ಬಣ್ಣವನ್ನು ಬೈಯುತ್ತಾರೆ. ಪರ್ಬುಗಳು ಬೈಯುವುದು ಕೈಯನ್ನು. “ಬೆರಳಿನ ಜಿಡ್ಡಿನ ಮೇಲೆ ಯಾವ ಬಣ್ಣ ಕೂರುತ್ತದೆ ಮಾಷ್ಟ್ರೆ?” ಎಂದು ಅವರು ಕೇಳುವ ಧಾಟಿಗೆ ನಾನೇ ಆ ಜಿಡ್ಡು ಬಳಿದವನೇನೋ ಅನ್ನಿಸಬೇಕು.

ಅವರ ಮದ್ದು ನನಗೆ ಬಹಳ ಹಿಡಿಸಿದ್ದು, ಅದು ನಮ್ಮ ಅಜ್ಜಿಯ ಮದ್ದೇ ಆದ್ದರಿಂದ. ದೀಪ ಬೆಳಗುವಾಗ ಅಜ್ಜಿ ಮೊದಲು ಒಲೆಯ ಬೂದಿ, ಆಮೇಲೆ ಹುಣಿಸೆಹಣ್ಣು ಹಾಕಿ ತಿಕ್ಕುತ್ತಿದ್ದಳು. ಬೂದಿಯ ಕ್ಷಾರ ಎಣ್ಣೆಯ ಜಿಡ್ಡನ್ನು ಬಿಡಿಸುತ್ತದೆ. ಹುಣಿಸೆಯ ಹುಳಿ ಹಿತ್ತಾಳೆಯ ಕಿಲುಬನ್ನು ಕರಗಿಸುತ್ತದೆ. ಹುಸಿಮೀನಿಗೂ ಅದೇ ಕ್ರಮ. ಬಳಿಕ ಚೆನ್ನಾಗಿ ತೊಳೆದು, ಒಣಗಿಸಿ, ಉಪ್ಪುಕಾಗದದಿಂದ ಉಜ್ಜಿ ಮೈಯನ್ನು ತುಸು ಒರಟು ಮಾಡಬೇಕು. ಅಲ್ಲಿಂದ ಮುಂದೆ ಬರಿಗೈ ತಾಗಿಸಕೂಡದು. ತೂತಿಗೆ ತಂತಿ ಪೋಣಿಸಿ ತೂಗಹಾಕಿಯೇ ಕೆಲಸ.

ಅಂಚಿನ ಸಂಗತಿ ಇನ್ನೂ ಸ್ವಾರಸ್ಯದ್ದು. ಹಸಿ ಬಣ್ಣ ಚೂಪಾದ ಅಂಚಿನಿಂದ ಹಿಂದಕ್ಕೆ ಸರಿದು ಅಲ್ಲಿ ತೆಳುವಾಗುತ್ತದೆ. ಸುಲಿಯುವುದು ಶುರುವಾಗುವುದೂ ಅಲ್ಲಿಂದಲೇ. ಆದ್ದರಿಂದ ಅರದಿಂದ ಅಂಚನ್ನು ಮೊದಲು ಗುಂಡಗೆ ಮಾಡಬೇಕು. ಸತುವಿನ ಲೇಪದ ತಗಡಾದರೆ ಬೇರೆ ತಂಟೆ: ಎನಾಮಲಿನ ಎಣ್ಣೆಯೂ ಸತುವೂ ಸೇರಿ ಅಡಿಯಲ್ಲಿ ಸಾಬೂನಿನಂಥದೊಂದು ಪದರ ಹುಟ್ಟುತ್ತದೆ. ಸಾಬೂನಿನ ಮೇಲೆ ನಿಂತವರು ಜಾರದೆ ಇರುತ್ತಾರೆಯೆ? ಅದಕ್ಕೆ ತಕ್ಕ ಪ್ರೈಮರ್ ಬೇಕೇ ಬೇಕು. ಮೇಲೆ ಬಣ್ಣ ತೆಳ್ಳಗೆ ಎರಡು ಮೂರು ಸಲ. ಅದು ಒಳಗಿನಿಂದಲೂ ಗಟ್ಟಿಯಾದ ಮೇಲೆ ಎರಡು ಭಾಗ ಬೆರೆಸುವ ಎಪಾಕ್ಸಿಯ ಹೊದಿಕೆ. ಹೊಟ್ಟೆಯ ಕಡೆ, ಅಂದರೆ ಚಮಚದ ಗುಳಿಯ ಕಡೆ, ಬಣ್ಣವಿಲ್ಲ. ಅಲ್ಲಿ ಲೋಹವೇ ಮಿನುಗಬೇಕು.

ಸೀಸವನ್ನು ಮಾತ್ರ ಅವರು ಮನೆಯೊಳಗೆ ಸೇರಿಸುವುದಿಲ್ಲ. ಅದನ್ನು ಕರಗಿಸಿದ ಹೊಗೆ, ಧೂಳು ಎರಡೂ ವಿಷ. ಮನೆಬಳಕೆಯ ಬಣ್ಣದಲ್ಲಿ ಹತ್ತು ಲಕ್ಷಕ್ಕೆ 90 ಪಾಲಿಗಿಂತ ಹೆಚ್ಚು ಸೀಸ ಇರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ.

ಇಷ್ಟೆಲ್ಲ ತಿಳಿದವರಿಗೂ ಮಳೆಗಾಲ ಸೊಪ್ಪು ಹಾಕುವುದಿಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಂತ್ರದ ದೋಣಿಗಳಿಗೆ ಕಡಲು ಬಂದ್. ಮಲ್ಪೆಯೇ ದಡಕ್ಕೆ ಬಂದು ಕೂತಿರುತ್ತದೆ. ಕೈಗೆ ಬಿಡುವೋ ಬಿಡುವು. ಆದರೆ ಆಟಿಯ ಆ ತೇವದ ಗಾಳಿಯಲ್ಲಿ ಲ್ಯಾಕರ್ ಹಚ್ಚಿದರೆ ಅದು ಬೆಳ್ಳಗೆ ಮಂಕಾಗುತ್ತದೆ: ಥಿನ್ನರ್ ಆರುವ ರಭಸಕ್ಕೆ ಮೈ ತಣ್ಣಗಾಗಿ ಗಾಳಿಯ ನೀರು ಅದರ ಮೇಲೆ ಕೂರುತ್ತದೆ. ಕತ್ತರಿಸುವುದು, ಅರ ಹಾಕುವುದು ಮಳೆಗೆ, ಬಣ್ಣ ಡಿಸೆಂಬರಿಗೆ.

ಇನ್ನು ವಾದಕ್ಕೆ ಬರೋಣ. ಆಳದ ತಿಳಿನೀರಿನಲ್ಲಿ ಮೊದಲು ಮಾಯವಾಗುವುದು ಕೆಂಪು ಎಂದು ನಾನು ಪುಸ್ತಕ ಓದಿದವನ ಗತ್ತಿನಲ್ಲಿ ಹೇಳಿದ್ದೆ. ಸುವರ್ಣೆಯ ಕೆಸರುನೀರಿನ ಲೆಕ್ಕ ಬೇರೆ ಎಂದು ಅವರು ತಳ್ಳಿಹಾಕಿದರು. ಆದರೂ ಕಳೆದ ಡಿಸೆಂಬರಿನಲ್ಲಿ ಎಲ್ಲಕ್ಕೂ ಕಿತ್ತಳೆ ಬಳಿಯಹೊರಟಾಗ ಯಾಕೆಂದು ಕೇಳಿದೆ. “ಇದು ಮೀನಿಗಲ್ಲ ಮಾರಾಯ್ರೆ, ನನಗೆ,” ಎಂದರು.

ಅವರ ಕಣ್ಣು ಮಂಜಾಗಿ ಎರಡು ವರ್ಷವಾಯಿತು. ಪೂರ್ತಿ ಮರಳುವಂಥದಲ್ಲ ಎಂದು ವೈದ್ಯರು ಹೇಳಿದ್ದಾರೆ. ದಡದ ಹುಲ್ಲಿನಲ್ಲಿ ಬಿದ್ದ ಗಾಳವನ್ನು ತಡಕಾಡಿ ಒಮ್ಮೆ ಬೆರಳಿಗೇ ಚುಚ್ಚಿಸಿಕೊಂಡರು. ಮಸ್ಕತ್ತಿನಲ್ಲಿರುವ ಮಗ ಫೋನಿನಲ್ಲಿ, ಇನ್ನು ಹೊಳೆ ಸಾಕು ಪಪ್ಪಾ, ಎನ್ನುತ್ತಾನೆ. ಅವನ ಮಾತಿನಲ್ಲಿ ತಪ್ಪಿಲ್ಲ. ಆದರೆ ಕಿತ್ತಳೆ ಕಾಣುವಷ್ಟು ದಿನ ಹೋಗುತ್ತೇನೆಂಬುದು ತಂದೆಯ ಹಟ, ಬಣ್ಣ ನಿಲ್ಲಬೇಕೆಂಬ ಆತುರವೂ ಅದಕ್ಕೇ. ಅರ ಹಿಡಿಯುವುದು ಈಗ ಅವರು. ಕುಂಚ ಹಿಡಿಯುವುದು ನಾನು.

ಈ ಸಲ ಮೂರು ಕಿತ್ತಳೆ, ಒಂದು ಹಳದಿ ಮಾಡಿದೆವು. ಸಂಜೆಯ ಬೆಳಕಿನಲ್ಲಿ, ಒಣಹುಲ್ಲಿನ ನಡುವೆ ಹಳದಿಯದು ಅವರಿಗೆ ಕಾಣಲಿಲ್ಲ. ಮರುದಿನ ಹೋಗಿ ನೋಡಿದರೆ ಅದರ ಬಣ್ಣವನ್ನೆಲ್ಲ ಹೆರೆದು ತೆಗೆದು, ಬೂದಿಯ ಡಬ್ಬಿಯ ಪಕ್ಕದಲ್ಲಿಟ್ಟು ನನಗಾಗಿ ಕಾದಿದ್ದರು.