ಸೆಳೆಖಾನೆಯ ಸಂಸಾರ

ಮನೆಯೊಳಗಿನ ವಸ್ತುಗಳಲ್ಲಿ ಅಡುಗೆಮನೆಯ ಸೆಳೆಖಾನೆಯಷ್ಟು ಸತ್ಯವಾದಿಯಾದುದು ಮತ್ತೊಂದು ಇರಲಾರದು. ನಡುಮನೆಯಾದರೋ ನೆಂಟರು ಬಂದಾಗ ನಾಲ್ಕು ನಿಮಿಷಗಳಲ್ಲಿ ಮಡಿವಂತೆಯಂತೆ ವೇಷ ತೊಡಬಲ್ಲದು. ಆದರೆ ಜನರ ಬಾಯಲ್ಲಿ ಡ್ರಾಯರು ಎನಿಸಿಕೊಂಡ ಈ ಸೆಳೆಖಾನೆಯನ್ನು ಅರ್ಧ ಎಳೆದರೆ ಸಾಕು, ಸಂಸಾರದ ನಿಜಸ್ಥಿತಿ ಬಯಲಾಗುತ್ತದೆ. ಜಾಲರಿ ಸೌಟು ಚಮಚವನ್ನು ಕಚ್ಚಿ ಹಿಡಿದಿರುತ್ತದೆ. ಲಟ್ಟಣಿಗೆ ಅಡ್ಡಲಾಗಿ ಮಲಗಿ ಖಾನೆ ಪೂರ್ತಿ ತೆರೆಯದಂತೆ ಸತ್ಯಾಗ್ರಹ ಹೂಡಿರುತ್ತದೆ. ಎಂದೋ ಹಾಳಾದ ಕುಕ್ಕರಿನ ರಬ್ಬರು ಉಂಗುರ ಇವೆಲ್ಲವನ್ನೂ ಸುತ್ತಿಕೊಂಡಿರುತ್ತದೆ. ಬೇಕಾದ ಚಾಕು ಮಾತ್ರ ಎಲ್ಲಕ್ಕೂ ಕೆಳಗೆ, ಅಲಗನ್ನು ಮೇಲೆ ಮಾಡಿಕೊಂಡು, ಕಾದಿರುತ್ತದೆ.

ಹಿಂದಿನವರ ಅಡುಗೆಮನೆಗೆ ಈ ಪಾಡು ಇರಲಿಲ್ಲ. ನೆಲದಲ್ಲಿ ಮಣೆ ಹಾಕಿಕೊಂಡು ಕುಳಿತು ಬೇಯಿಸುತ್ತಿದ್ದ ಕಾಲದಲ್ಲಿ ಈಳಿಗೆಮಣೆ ಗೋಡೆಗೆ ಒರಗಿರುತ್ತಿತ್ತು. ಬೆಣ್ಣೆಗೆ ನೆಲುವು, ಬೆಂಕಿಪೊಟ್ಟಣಕ್ಕೆ ಗೋಡೆಯ ಗೂಡು, ಹಪ್ಪಳ ಸಂಡಿಗೆಯ ಡಬ್ಬಗಳಿಗೆ ನಾಗಂದಿಗೆ, ಉಪ್ಪಿನ ಮರಿಗೆಗೆ ಒಲೆಯ ಬಲಮಗ್ಗುಲು. ಹೀಗೆ ಪ್ರತಿಯೊಂದಕ್ಕೂ ತನ್ನ ನೆಲೆ ಇತ್ತು. ಸಾಸಿವೆ, ಜೀರಿಗೆ, ಮೆಂತ್ಯ, ಅರಿಸಿನಗಳನ್ನು ಪಕ್ಕಪಕ್ಕದಲ್ಲೇ ಬೇರೆ ಬೇರೆಯಾಗಿ ಬಾಳಿಸುವ ಮರದ ಸಾಂಬಾರ ಪೆಟ್ಟಿಗೆಯೂ ಇತ್ತು. ಮರದ ಸಣ್ಣ ಗೋಡೆಗಳಿಂದ ಒಂದು ಪೆಟ್ಟಿಗೆಯನ್ನು ಹಲವು ಮನೆಗಳಾಗಿ ವಿಂಗಡಿಸುವ ವಿದ್ಯೆ, ಆದುದರಿಂದ, ನಮ್ಮ ಗೃಹಿಣಿಯರಿಗೆ ಹೊಸದೇನಲ್ಲ.

ನಿಂತು ಅಡುಗೆ ಮಾಡುವ ಪದ್ಧತಿ ಬಂದಾಗ ಗೂಡು ನೆಲುವುಗಳು ಹೋಗಿ ಕಟ್ಟೆಯೂ ಅದರ ಕೆಳಗಣ ಖಾನೆಗಳೂ ಬಂದವು. ಈ ಬಗೆಯ ಅಡುಗೆಮನೆಯ ಪೂರ್ವಜರಲ್ಲಿ ಒಂದು ಜರ್ಮನಿಯ ಫ್ರಾಂಕ್‌ಫರ್ಟ್ ನಗರದ್ದು. ಅಲ್ಲಿ 1926ರಲ್ಲಿ ಮಾರ್ಗರೆಟೆ ಶುಟ್ಟೆ-ಲಿಹೊಟ್ಸ್‌ಕಿ ಎಂಬ ವಾಸ್ತುಶಿಲ್ಪಿ ಕಾರ್ಮಿಕರ ಮನೆಗಳಿಗಾಗಿ ಸುಮಾರು 1.9 ಮೀಟರು ಅಗಲ, 3.4 ಮೀಟರು ಉದ್ದದ ಅಡುಗೆಮನೆಯೊಂದನ್ನು ರೂಪಿಸಿದಳು. ಅಂಥವು ಸುಮಾರು ಹತ್ತು ಸಾವಿರ ನಿರ್ಮಾಣವಾದವು. ಅಕ್ಕಿಗೆ, ಸಕ್ಕರೆಗೆ, ಬೇಳೆಗೆ ಹೆಸರು ಬರೆದ ಅಲ್ಯೂಮಿನಿಯಮ್ಮಿನ ಪುಟ್ಟ ಎಳೆಪೆಟ್ಟಿಗೆಗಳು. ಹುಳು ಬೀಳಬಾರದೆಂದು ಹಿಟ್ಟಿಗೆ ಓಕ್ ಮರದ್ದು. ಏರ್ಪಾಡೇನೋ ಸೊಗಸಾಗಿತ್ತು. ಆದರೆ ಬಾಳುವೆ ಮಾಡಲು ಬಂದ ಹೆಂಗಸರೆಲ್ಲರೂ ಚೀಟಿ ಹೇಳಿದ ಸಾಮಾನನ್ನೇ ಅದರಲ್ಲಿ ತುಂಬಲಿಲ್ಲ. ಅದನ್ನು ರೂಪಿಸುವ ಕಾಲಕ್ಕೆ ತಾನು ಅಡುಗೆ ಮಾಡಿದವಳೇ ಅಲ್ಲವೆಂದು ಆಕೆಯೇ ಮುಂದೆ ಮುಪ್ಪಿನಲ್ಲಿ ಹೇಳಿದಳು. ಹೊರಗಿನವರು ಎಷ್ಟೇ ಜಾಣತನದಿಂದ ಗೆರೆ ಎಳೆದರೂ ಒಳಗಿನ ಕೈ ಒಪ್ಪಿದಷ್ಟೇ ನಿಲ್ಲುತ್ತದೆ.

ಈ ಮಾತಿನ ಅರ್ಥ ಮೈಸೂರಿನ ಹಳೆಯ ಬಡಾವಣೆಯೊಂದರ ಮನೆಯವರಿಗೆ ತಮ್ಮ ಅಡುಗೆಮನೆಯಲ್ಲೇ ತಿಳಿಯಿತು. ಆ ಮನೆಯ ಹಿರಿಯಾಕೆಗೆ ಗ್ಲಾಕೋಮಾ. ಕಣ್ಣಿನ ನರವನ್ನು ಸವೆಸುವ ಈ ಬೇನೆ ಸಾಮಾನ್ಯವಾಗಿ ಮೊದಲು ಅಕ್ಕಪಕ್ಕದ ನೋಟವನ್ನು ಕಸಿಯುತ್ತದೆ. ಹೋದ ದೃಷ್ಟಿ ಮರಳದು. ಔಷಧದ ಹನಿಗಳು ಉಳಿದುದನ್ನು ಕಾಪಾಡಲು ಮಾತ್ರ. ಐವತ್ತು ವರ್ಷ ಒಲೆಯ ಮುಂದೆ ಕಳೆದ ಆಕೆಗೆ ಹದ ತಿಳಿಯಲು ಕಣ್ಣು ಬೇಕಿರಲಿಲ್ಲ. ಸಾರು ಕುದಿಯುವ ಸದ್ದು, ಒಗ್ಗರಣೆಯ ಘಮ, ಬೇಳೆಯ ಮೆತ್ತನೆ ಎಲ್ಲವೂ ಕಿವಿ, ಮೂಗು, ಬೆರಳುಗಳಿಗೆ ಬಾಯಿಪಾಠ. ಆದರೆ ಸೆಳೆಖಾನೆಗೆ ಬಾಯಿಪಾಠವೆಲ್ಲಿ? ಒಂದು ಮುಂಜಾನೆ ಚಮಚಕ್ಕೆಂದು ಇಳಿಸಿದ ಬೆರಳು ಚಾಕುವಿನ ಅಲಗಿಗೆ ತಾಗಿತು. ಗಾಯ ಅರ್ಧ ಅಂಗುಲದ್ದು. ಅಂದಿನ ಮಾತುಕತೆ ಮಾತ್ರ ದೊಡ್ಡದಾಯಿತು. "ಇನ್ನು ಅಡುಗೆಯ ಸಹವಾಸ ಸಾಕು, ಆರಾಮವಾಗಿ ಕುಳಿತಿರಬಾರದೆ?" ಎಂದಳು ಮಗಳು. ಹೆದರಿಕೆ ಪ್ರೀತಿಯ ಭಾಷೆಯಲ್ಲಿ ಮಾತನಾಡುವುದು ಹೀಗೆಯೇ. ಹಿರಿಯಾಕೆ ಉತ್ತರ ಕೊಡಲಿಲ್ಲ. ಅಂದು ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಆ ಮನೆಯ ಅಳಿಯನಿಗೆ ಸ್ವಲ್ಪ ಬಡಗಿ ಕೆಲಸದ ಹುಚ್ಚು. ಆತ ಅಳತೆಪಟ್ಟಿಯನ್ನು ಕೈಗೆತ್ತಿಕೊಳ್ಳುವ ಮೊದಲು ನಾಲ್ಕು ದಿನ ಅತ್ತೆಯ ಕೈಯನ್ನು ನೋಡುತ್ತ ನಿಂತ. ಮೊದಲು ಇಕ್ಕಳ, ಆಮೇಲೆ ಸೌಟು, ಅದರ ಹಿಂದೆಯೇ ಸಣ್ಣ ಚಮಚ. ಚಾಕು ದಿನಕ್ಕೆ ಎರಡೇ ಬಾರಿ. ಲಟ್ಟಣಿಗೆಯ ಸರದಿ ರಾತ್ರಿಗೆ. ಕೈ ಹೋಗುವ ಈ ಕ್ರಮವೇ ಖಾನೆಗಳ ಕ್ರಮವಾಯಿತು. ಹಿರಿಯಾಕೆ ತಾನಾಗಿ ಕೇಳಿದ್ದು ಒಂದೇ: "ಮುಂದಿನ ಮೂಲೆಯಲ್ಲಿ ಒಂದು ಮನೆ ಖಾಲಿ ಬಿಡಪ್ಪ. ಹುಡುಕುವಾಗ ಕೈಯಲ್ಲಿದ್ದುದನ್ನು ಇಡುವುದಕ್ಕೆ."

ಹಳೆಯ ಕಿಟಕಿಯ ತೇಗದ ಹಲಗೆ ಮನೆಯಲ್ಲೇ ಇತ್ತು. ಅದರಿಂದ 6 ಮಿಲಿಮೀಟರು ದಪ್ಪದ ಪಟ್ಟಿಗಳನ್ನು ಸೀಳಿಸಿದ್ದಾಯಿತು. ಅಳೆಯಬೇಕಾದುದು ಖಾನೆಯ ಒಳಮೈ. ಅದೂ ಮುಂದೆ, ನಡುವೆ, ಹಿಂದೆ ಎಂದು ಮೂರು ಕಡೆ. ಹಳೆಯ ಖಾನೆಗಳು ಮೂಲೆಮಟ್ಟಕ್ಕೆ ನಿಲ್ಲುವುದು ಅಪರೂಪ. ಮರವು ಮಳೆಗಾಲದ ತೇವವನ್ನು ಹೀರಿ ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ. ಎಳೆಯ ಉದ್ದಕ್ಕೆ ಹಿಗ್ಗುವುದು ಅತ್ಯಲ್ಪ. ಆದುದರಿಂದ ಎಳೆ ಪಟ್ಟಿಯ ಉದ್ದಕ್ಕೆ ಓಡಬೇಕು. ಖಾನೆಯ ಅಂಚಿಗಿಂತ ಪಟ್ಟಿಯ ಎತ್ತರ ಒಂದು ಸೆಂಟಿಮೀಟರಾದರೂ ಕಡಿಮೆ ಇರಬೇಕು. ಪಟ್ಟಿಗಳು ಒಂದನ್ನೊಂದು ದಾಟುವಲ್ಲಿ ಒಂದಕ್ಕೆ ಮೇಲಿನಿಂದ ಅರ್ಧದವರೆಗೆ, ಇನ್ನೊಂದಕ್ಕೆ ಕೆಳಗಿನಿಂದ ಅರ್ಧದವರೆಗೆ, ಪಟ್ಟಿಯ ದಪ್ಪದಷ್ಟೇ ಅಗಲಕ್ಕೆ ಕಚ್ಚು ಕೊರೆದರೆ ಎರಡೂ ಬೆರಳು ಹೆಣೆದಂತೆ ಕೂಡಿಕೊಳ್ಳುತ್ತವೆ. ಮೊಳೆ ಬೇಡ, ಸರೇಸು ಬೇಡ. ಇಡೀ ಚೌಕಟ್ಟನ್ನು ಎತ್ತಿ ತೊಳೆದು ಒರೆಸುವಂತಿದ್ದರೆ ಜಿರಳೆಗೂ ಅಲ್ಲಿ ಸಂಸಾರ ಹೂಡಲು ಅವಕಾಶ ಕಡಿಮೆ.

ಮೆರುಗಿಗೆ ಕಡಲೆಕಾಯಿ ಎಣ್ಣೆ ಸಲ್ಲದು. ಅದು ಒಣಗಿ ಗಟ್ಟಿಯಾಗದೆ ಮುಗ್ಗಲು ವಾಸನೆ ಹಿಡಿಯುತ್ತದೆ. ಗಾಳಿಯಲ್ಲಿ ಗಟ್ಟಿಯಾಗುವ ಶುದ್ಧ ಅಗಸೆ ಎಣ್ಣೆಯನ್ನು ತೆಳ್ಳಗೆ ಸವರಿ ದಿನಗಟ್ಟಲೆ ಒಣಗಲು ಬಿಡುವುದು ಲೇಸು. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು; ತಾನೇ ಕಾವೇರಿ ಹೊತ್ತಿಕೊಳ್ಳಬಲ್ಲದು. ಹರಡಿ ಒಣಗಿಸಬೇಕು.

ಕೊನೆಗೆ ಅಳಿಯ ಪಟ್ಟಿಗಳ ಮೇಲಂಚಿನಲ್ಲಿ ಗುರುತು ಮಾಡಿದ: ಚಮಚದ ಮನೆಗೆ ಒಂದು ಗೀರು, ಸೌಟಿಗೆ ಎರಡು. ಚಾಕುವಿಗೆ ಎಲ್ಲಕ್ಕಿಂತ ಇಕ್ಕಟ್ಟಾದ ಓಣಿ. ಅಲಗು ಒಳಕ್ಕೆ, ಹಿಡಿ ಇತ್ತ. ಅಲ್ಲಿ ಬೆರಳಿಗೆ ಸಿಕ್ಕುವುದು ಹಿಡಿ ಮಾತ್ರ. ಹಿರಿಯಾಕೆ ಎರಡು ದಿನ ಬೆರಳಾಡಿಸಿ ಗೀರುಗಳನ್ನು ಓದಿಕೊಂಡಳು. ಮೂರನೆಯ ದಿನ ಯಾರನ್ನೂ ಕೂಗದೆ ಒಗ್ಗರಣೆ ಹಾಕಿದಳು.

ಕಥೆ ಇಲ್ಲಿಗೆ ಮುಗಿದಿದ್ದರೆ ಎಲ್ಲವೂ ಮರದ ಮಹಿಮೆ ಎನ್ನಬಹುದಿತ್ತು. ಆದರೆ ಹತ್ತನೆಯ ದಿನ ಪಾತ್ರೆ ತೊಳೆದಿಟ್ಟ ಮೊಮ್ಮಗ ಅವಸರದಲ್ಲಿ ಚಾಕುವನ್ನು ಚಮಚಗಳ ನಡುವೆ ಎಸೆದು ಆಟಕ್ಕೆ ಓಡಿದ. ಅದೃಷ್ಟವಶಾತ್ ಮಗಳ ಕಣ್ಣಿಗೆ ಬಿತ್ತು. ಹುಡುಗನನ್ನು ಆಕೆ ಗದರಲಿಲ್ಲ. ಕರೆತಂದು, ಕಣ್ಣಿಗೆ ಬಟ್ಟೆ ಕಟ್ಟಿ, ಚಾಕುವನ್ನು ತೆಗೆದಿಟ್ಟ ಆ ಖಾನೆಯಿಂದ ಚಮಚವೊಂದನ್ನು ತೆಗೆಯಲು ಹೇಳಿದಳು. ಹುಡುಗನ ಕೈ ಅಂಚಿನ ಮೇಲೆ ಅನುಮಾನಿಸುತ್ತ, ಗೀರನ್ನು ಹುಡುಕುತ್ತ, ಮೆಲ್ಲಗೆ ಇಳಿಯಿತು. ಆಮೇಲೆ ಆತ ಚಾಕುವನ್ನು ಅದರ ಓಣಿಯಲ್ಲಿ ಇಡುವುದನ್ನು ಮರೆತದ್ದಿಲ್ಲ.

ಇಂಥ ಖಾನೆಯ ನಿಯಮ ಹೆಚ್ಚು ಬೇಕಾಗಿರುವುದು ಮನೆಯಲ್ಲಿ ಒಬ್ಬರಿಗೆ. ಅದನ್ನು ಪಾಲಿಸಬೇಕಾದವರು ಅದು ಬೇಕಿಲ್ಲದ ಉಳಿದವರು. ಮರದ ಪಟ್ಟಿ ಚಮಚವನ್ನು ಚಾಕುವಿನಿಂದ ದೂರ ಇಡಬಲ್ಲದು. ಚಾಕುವನ್ನು ಹಿಂದಿರುಗಿಸುವ ಕೈಗೆ ತಾಳ್ಮೆಯನ್ನು ಮನೆಯವರೇ ಕಲಿಸಬೇಕು.

ಇಷ್ಟಾದ ಮೇಲೆ ರಬ್ಬರು ಉಂಗುರ, ಮುರಿದ ತುರಿಮಣೆಯ ಹಲ್ಲು, ಬೀಗವಿಲ್ಲದ ಮೂರು ಬೀಗದ ಕೈಗಳ ಗತಿಯೇನು ಎಂದು ಓದುಗರು ಕೇಳಬಹುದು. ಅವನ್ನೆಲ್ಲ ಕೆಳಗಿನ ಖಾನೆಗೆ ಸುರಿಯಲಾಗಿದೆ. ಅದಕ್ಕೂ ಪಟ್ಟಿ ಹಾಕಲೇ ಎಂದು ಅಳಿಯ ಕೇಳಿದಾಗ ಹಿರಿಯಾಕೆ ನಕ್ಕು ಬೇಡವೆಂದಳಂತೆ: "ಸಂಸಾರದಲ್ಲಿ ಒಂದು ಖಾನೆಯಾದರೂ ಹಾಗೇ ಇರಲಿ."